ಯಾರಿಗೂ ತೋರಿಸದ ಬೀಗ

ಕಾರ್ತಿಕದ ದೀಪಗಳಿಗೆ ಬತ್ತಿ ಹೊಸೆಯುವ ಕೆಲಸ ನಡೆದಿತ್ತು. ಮಠದ ಪಡಸಾಲೆಯಲ್ಲಿ ಹೆಂಗಸರು ಸಾಲಾಗಿ ಕುಳಿತಿದ್ದರು. ಪ್ರವಚನ ಹೇಳುವ ಗುರುದೇವಿ ಅಕ್ಕನವರೂ ಅವರ ನಡುವೆ ಕುಳಿತು, ಹತ್ತಿ ಹಿಂಜಿ, ಅಂಗೈಯಲ್ಲಿ ಉಜ್ಜಿ, ಬತ್ತಿ ಮಾಡಿ ತಟ್ಟೆಗೆ ಹಾಕುತ್ತಿದ್ದರು. ಅವರು ಹೊಸೆದ ಬತ್ತಿಗಳು ಸಡಿಲವಾಗಿದ್ದವು. ಪಕ್ಕದಲ್ಲಿದ್ದ ಸಾವಂತ್ರೆವ್ವ, ಅಕ್ಕನವರು ಆ ಕಡೆ ತಿರುಗಿದಾಗಲೆಲ್ಲ ಒಂದೊಂದನ್ನು ಎತ್ತಿಕೊಂಡು, ಬಿಗಿಯಾಗಿ ಹೊಸೆದು, ಮತ್ತೆ ಅದೇ ತಟ್ಟೆಗೆ ಇಡುತ್ತಿದ್ದಳು. ತಟ್ಟೆ ತುಂಬಿತು. ಅಕ್ಕನವರು ಕೈ ಒರೆಸಿಕೊಂಡು ಎದ್ದು ಕಟ್ಟೆಯ ಮೇಲೆ ಕುಳಿತು ಪ್ರವಚನ ಶುರು ಮಾಡಿದರು.

ತಾಯಂದಿರೇ, ಒಂದೂರಲ್ಲಿ ಬೀಗ ಮಾಡುವ ಒಬ್ಬ ವಿದ್ವಾಂಸನಿದ್ದ. ಕಬ್ಬಿಣದ ಬೀಗವಲ್ಲ. ಅಕ್ಷರಕ್ಕೆ ಹಾಕುವ ಬೀಗ. ನೀವು ಫೋನಿನಲ್ಲಿ ಮಗಳಿಗೆ ಒಂದು ಮಾತು ಬರೆದು ಕಳಿಸುತ್ತೀರಲ್ಲ, ಅದು ದಾರಿಯಲ್ಲಿ ಬೇರೆಯವರ ಕೈಗೆ ಸಿಕ್ಕರೂ ಅರ್ಥವಾಗಬಾರದು. ಅದಕ್ಕಾಗಿ ಮಾತನ್ನು ಕಲಸಿ, ತಲೆಬುಡ ತಿಳಿಯದ ಅಕ್ಷರ ಮಾಡಿ ಕಳಿಸುತ್ತಾರೆ. ಕೀಲಿ ಇದ್ದವರು ಮಾತ್ರ ಓದಬಹುದು. ಅಂಥ ಬೀಗಗಳನ್ನು ಕಂಡುಹಿಡಿಯುವುದೇ ಅವನ ಕೆಲಸ.

ಈ ಜನರಲ್ಲಿ ಒಂದು ಪದ್ಧತಿ ಇದೆ, ನೋಡಿ. ಬಹಳ ಒಳ್ಳೆಯ ಪದ್ಧತಿ. ಯಾರೇ ಹೊಸ ಬೀಗ ಮಾಡಲಿ, ಮೊದಲು ಅದನ್ನು ತಮ್ಮವರ ಮುಂದೆ ಬಿಚ್ಚಿಡಬೇಕು. ಕೀಲಿಯನ್ನಲ್ಲ, ಬೀಗ ಮಾಡಿದ ರೀತಿಯನ್ನು. ಇಟ್ಟು, "ಒಡೆಯಿರಿ" ಅನ್ನಬೇಕು. ಗೆಳೆಯರು ಒಡೆಯಲು ಕೂರುತ್ತಾರೆ. ಹಾಗೆ ಒಡೆದು ತೋರಿಸಿದವರಿಗೆ ಇವನು ಕೈಮುಗಿಯಬೇಕು. ತಪ್ಪು ಹುಡುಕಿದವನಿಗೆ ಕೈಮುಗಿಯುವುದು! ನಮ್ಮ ಮನೆಗಳಲ್ಲಿ ಹೀಗೆ ಯಾರಾದರೂ ಮಾಡುತ್ತೇವೆಯೇ?

ಈ ವಿದ್ವಾಂಸ ಎಲ್ಲರ ಬೀಗಗಳನ್ನೂ ಒಡೆದವನು. ಒಡೆದು ಹೆಸರು ಮಾಡಿದವನು. ಆದರೆ ಒಂದು ಬೀಗವನ್ನು ಮಾತ್ರ ತಾನೇ ಮಾಡಿ, ತಾನೇ ಮುಚ್ಚಿಟ್ಟುಕೊಂಡಿದ್ದ. ಅದರ ಮೇಲೆ ಅವನಿಗೆ ಬಹಳ ಪ್ರೀತಿ. ತಾನೇ ಎಷ್ಟೋ ಸಲ ಒಡೆಯಲು ನೋಡಿದ್ದ, ಆಗಿರಲಿಲ್ಲ. ನನ್ನಿಂದಲೇ ಆಗದ್ದು ಇನ್ಯಾರಿಂದ ಆದೀತು ಎಂದುಕೊಂಡ. ಅದೇ ಬೀಗವನ್ನು ಒಂದು ಆಸರೆಯ ಸಂಸ್ಥೆಗೆ ಕೊಟ್ಟ. ಗಂಡನ ಹೊಡೆತ ತಾಳದೆ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳನ್ನು ಆ ಸಂಸ್ಥೆಯವರು ಊರಿನ ಬೇರೆಬೇರೆ ಮನೆಗಳಲ್ಲಿ ಅಡಗಿಸಿಟ್ಟಿದ್ದರು. ಯಾರು ಎಲ್ಲಿದ್ದಾರೆ ಎಂಬ ವಿಳಾಸಗಳು ಈ ಬೀಗ ಹಾಕಿಕೊಂಡೇ ಫೋನಿನಿಂದ ಫೋನಿಗೆ ಹೋಗುತ್ತಿದ್ದವು.

ಒಂದು ದಿನ ಸಂಸ್ಥೆಯ ಗಾಡಿ ಓಡಿಸುವವನ ಫೋನು ಕಳುವಾಯಿತು. ಕದ್ದವನು ಹಾಗೆ ಅಡಗಿದ್ದ ಒಬ್ಬಳ ಗಂಡ. ಈಗ ಅವನ ಕೈಯಲ್ಲಿ ವಿಳಾಸಗಳಿವೆ, ಆದರೆ ಬೀಗ ಹಾಕಿದ ವಿಳಾಸಗಳು. ಕೀಲಿ ಗಾಡಿಯವನ ನೆನಪಿನಲ್ಲಿತ್ತೇ ಹೊರತು ಫೋನಿನಲ್ಲಿರಲಿಲ್ಲ. ಓದಿಕೊಡುವವರನ್ನು ಹುಡುಕಿಕೊಂಡು ಅವನು ಅಂಗಡಿ ಅಂಗಡಿ ಅಲೆಯತೊಡಗಿದ. ಸಂಸ್ಥೆ ನಡೆಸುವಾಕೆ ಗಾಬರಿಯಿಂದ ವಿದ್ವಾಂಸನ ಹತ್ತಿರ ಓಡಿ ಬಂದಳು.

"ಏನ್ ಮಾಡೂದ್ರೀ ಸರ್ರ?"

"ಏನೂ ಮಾಡಬ್ಯಾಡ್ರಿ. ಅವ ಸಾಯೂತನಕ ಆ ಫೋನ್ ಹಿಡ್ಕೊಂಡು ಕುಂತ್ರೂ ಅದು ತೆರಿಯೂದಿಲ್ಲ."

ಪಕ್ಕದ ಮೇಜಿನಲ್ಲಿ ಅವನ ಜೊತೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಇದನ್ನು ಕೇಳಿಸಿಕೊಂಡಳು. "ಸರ್, ಒಂದ್ಸಲ ನಮ್ಮ ಮುಂದ ಬಿಚ್ಚಿಡ್ರಲ್ಲ. ಎಲ್ಲಾರೂ ಇಡ್ತಾರ," ಎಂದಳು.

"ನಾನೂ ಎಲ್ಲಾರಂಗ ಏನವಾ?" ಎಂದು ನಕ್ಕ.

ಅವಳು ನಗಲಿಲ್ಲ. ಸಂಸ್ಥೆ ನಡೆಸುವಾಕೆಯನ್ನು ಕೇಳಿ, ಕಳುವಾದ ಫೋನಿನಲ್ಲಿದ್ದ ಅದೇ ಅಕ್ಷರಗಳನ್ನು ತರಿಸಿಕೊಂಡು ಮುಂದಿಟ್ಟುಕೊಂಡು ಕುಳಿತಳು. ವಿಳಾಸಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಎಲ್ಲದರ ಬಾಲವೂ ಒಂದೇ ಥರ! ಏಕೆ ಹೇಳಿ? ಎಲ್ಲ ಮನೆಗಳೂ ಒಂದೇ ಊರಿನಲ್ಲಿದ್ದವು. ಪ್ರತಿ ವಿಳಾಸದ ಕೊನೆಗೂ ಅದೇ ಊರಿನ ಹೆಸರು. ಆ ಹೆಸರನ್ನು ಹಿಡಿದು, ಯಾವ ಅಕ್ಷರ ಯಾವುದಾಗಿದೆ ಎಂದು ನೋಡುತ್ತ ಎಳೆದಳು. ಎಳೆ ಬಿಚ್ಚಿಕೊಳ್ಳುತ್ತ ಹೋಯಿತು. ಮರುದಿನ ಒಂದು ಚೀಟಿ ತಂದು ಅವನ ಮುಂದಿಟ್ಟಳು. ಅದರಲ್ಲಿ ಫೋನು ಕದ್ದವನ ಹೆಂಡತಿ ಅಡಗಿದ್ದ ಓಣಿ, ಮನೆಯ ನಂಬರು, ಎಲ್ಲವೂ ಇತ್ತು.

ಅವನು ಚೀಟಿ ನೋಡಿದ. ಮೊದಲು ಏನಂದ ಗೊತ್ತೇ? ಅಯ್ಯೋ, ಆ ತಾಯಿಯ ಗತಿ ಏನು ಅನ್ನಲಿಲ್ಲ. "ಇದನ್ನ ನಿನಗ ಯಾರ್ ಹೇಳಿದ್ರು? ನನ್ನ ಕಂಪ್ಯೂಟರ್‌ನ್ಯಾಗ ಕೈ ಹಾಕೀಯೇನು?" ಎಂದ.

ನೋಡಿ ತಾಯಂದಿರೇ, ಇಲ್ಲಿ ಸ್ವಲ್ಪ ನಿಲ್ಲಿ. ನಾನು ತಪ್ಪಿದ್ದೇನೆ ಎಂದು ಒಪ್ಪುವುದಕ್ಕಿಂತ ಇವಳು ಕಳ್ಳಿ ಎಂದು ನಂಬುವುದು ಅವನಿಗೆ ಸುಲಭವಾಯಿತು. ಅಷ್ಟು ಓದಿದವನಿಗೆ!

ಅವಳು ಧ್ವನಿ ಏರಿಸಲಿಲ್ಲ. "ಬೈಯೂದಿದ್ರ ಆಮ್ಯಾಲೆ ಬೈರಿ ಸರ್. ನಾ ಎಲ್ಲೂ ಓಡಿ ಹೋಗೂದಿಲ್ಲ. ಮೊದ್ಲ ಆಕಿನ್ನ ಅಲ್ಲಿಂದ ಎಬ್ಬಸ್ರಿ. ನನಗ ಬಂದದ್ದು ಇನ್ನೊಬ್ರಿಗೂ ಬರತೈತಿ."

ಆ ಕೊನೆಯ ಮಾತು ಅವನಿಗೆ ನಾಟಿತು. ತಾನೇ ಸಂಸ್ಥೆಯ ಗಾಡಿ ಹತ್ತಿ ಆ ಮನೆಗೆ ಹೋದ. ಆ ತಾಯಿ ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿ ಹಂಚಿನ ಮೇಲಿತ್ತು. ಅದನ್ನು ಹಾಗೆಯೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಮಗಳನ್ನು ಎತ್ತಿಕೊಂಡು ಗಾಡಿ ಹತ್ತಿದಳು. ಮತ್ತೆ ಮನೆ ಬಿಟ್ಟಳು. ಸಂಜೆ ಅವಳ ಗಂಡ ವಿಳಾಸವನ್ನು ಯಾರಿಂದಲೋ ಓದಿಸಿಕೊಂಡು ಆ ಬಾಗಿಲಿಗೆ ಬಂದು ನಿಂತಾಗ ಒಳಗೆ ಯಾರೂ ಇರಲಿಲ್ಲ.

ಗಾಡಿಯಲ್ಲಿ ಅವನು ನಡೆದದ್ದನ್ನೆಲ್ಲ ಹೇಳಿದಾಗ ಅವಳು ಕೇಳಿದಳು: "ಅಣ್ಣಾರ, ಒಬ್ರು ಮಾಡಿದ್ದು ಇನ್ನೊಬ್ರು ನೋಡೂ ಪದ್ಧತಿ ನಿಮ್ಮೊಳಗ ಇಲ್ಲೇನ್ರಿ?"

"ಐತಿ ತಂಗಿ. ನಾನ ತೋರಿಸಲಿಲ್ಲ."

ಅವಳ ಕೈಗೆ ಅಂಟಿದ ಹಿಟ್ಟು ಒಣಗಿತ್ತು, ಅದನ್ನು ತಿಕ್ಕಿ ತೆಗೆಯುತ್ತ ಕುಳಿತಳು.

ತಾಯಂದಿರೇ, ಅವನು ಕೆಟ್ಟವನಲ್ಲ. ಒಳ್ಳೆಯದನ್ನೇ ಮಾಡಲು ಹೊರಟವನು. ತನ್ನ ಕೆಲಸವನ್ನು ತಾನೇ ಪರೀಕ್ಷೆ ಮಾಡಿ, ತಾನೇ ಪಾಸು ಮಾಡಿಕೊಂಡ, ಅಷ್ಟೇ. ನಾವು ದಿನಾ ಮಾಡುವುದೇನು? ನನ್ನ ಮನಸ್ಸು ಸ್ವಚ್ಛ ಅನ್ನುತ್ತೇವೆ. ನಾನು ಯಾರಿಗೂ ನೋವು ಮಾಡಿಲ್ಲ ಅನ್ನುತ್ತೇವೆ. ನೋಡಿದವರು ಯಾರು? ನಾವೇ! ನಮ್ಮ ತಪ್ಪು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದರ ಪೆಟ್ಟು ಬೀಳುವುದು ಮಾತ್ರ ಇನ್ಯಾರೋ ರೊಟ್ಟಿ ಬಡಿಯುತ್ತಿರುವವರ ಮೇಲೆ.

ಅದಕ್ಕೆ ಇವತ್ತು ಊಟಕ್ಕೆ ಕೂತಾಗ ಒಂದು ಕೆಲಸ ಮಾಡಿ. ನಿಮ್ಮನ್ನು ಹೊಗಳುವವರನ್ನಲ್ಲ, ಮನೆಯಲ್ಲಿ ನಿಮಗೆ ಹೆದರುವವರು ಯಾರಿದ್ದಾರೋ ಅವರನ್ನು ಕೇಳಿ: ನಾನು ಎಲ್ಲಿ ತಪ್ಪುತ್ತೇನೆ?

"ಅಕ್ಕಾರ, ನನ್ನ ಸೊಸಿನ್ನ ಕೇಳಿದ್ರ ಬೆಳಗಾದ್ರೂ ಮುಗಿಯೂದಿಲ್ರಿ!" ಎಂದು ಹಿಂದಿನ ಸಾಲಿನಿಂದ ಒಬ್ಬಾಕೆ ಕೂಗಿದಳು. ಪಡಸಾಲೆಯೆಲ್ಲ ನಕ್ಕಿತು. ಅಕ್ಕನವರೂ ನಕ್ಕರು.

ಮುಗಿಯದಿದ್ದರೆ ನಾಳೆ ಮತ್ತೆ ಕೇಳಿ, ತಾಯಿ. ಅವಳು ಹೇಳುವಾಗ ಮಾತ್ರ, ನಿನಗೆ ಇದನ್ನೆಲ್ಲ ಯಾರು ಕಲಿಸಿದರು ಅನ್ನಬೇಡಿ. ಅದು ಆ ವಿದ್ವಾಂಸನ ಮಾತು. ಬಾಯಿಗೆ ಬಂದರೆ ಒಂದು ಗುಟುಕು ನೀರು ಕುಡಿಯಿರಿ. ನೀರಿನ ಜೊತೆ ಅದನ್ನೂ ನುಂಗಿ. ಆಮೇಲೆ, ಹೇಳಿದ್ದು ಒಳ್ಳೆಯದಾಯಿತು ಅನ್ನಿ.

ನಿಮಗಿಂತ ಮೊದಲು ನಾನೇ ಶುರು ಮಾಡುತ್ತೇನೆ. ಇಷ್ಟು ದಿನದಿಂದ ನನ್ನನ್ನು ನೋಡಿದ್ದೀರಿ. ನನ್ನಲ್ಲಿ ನಿಮಗೆ ಕಂಡ ಒಂದೇ ಒಂದು ತಪ್ಪು ಹೇಳಿ. ದೊಡ್ಡದೇ ಆಗಬೇಕಿಲ್ಲ.

ನಗು ನಿಂತಿತು. ಯಾರೋ ಸೆರಗು ಸರಿಮಾಡಿಕೊಂಡರು. ಸಾವಂತ್ರೆವ್ವ ಬತ್ತಿಯ ತಟ್ಟೆಯನ್ನು ಮೆಲ್ಲಗೆ ತನ್ನ ಹತ್ತಿರ ಎಳೆದುಕೊಂಡು, ಅದರ ಮೇಲೆ ಅಂಗೈ ಮುಚ್ಚಿದಳು.

"ಸಾವಂತ್ರೆವ್ವಾರ, ನೀವರ ಹೇಳ್ರಿ," ಎಂದರು ಅಕ್ಕನವರು.