ಬೋಣಿಗೆ ಮಾಡಬಾರದ ಕೈ

ಫ್ಯಾನಿನ ನೇರ ಕೆಳಗಿನ ಕುರ್ಚಿಯನ್ನು ನ್ಯಾಯವಾಗಿಯೇ ಹಿಡಿದಿರುವ ಸಭೆಯ ಅಧ್ಯಕ್ಷರಾದ ಭೀಮಶಿ ಅವರೇ, ನನ್ನನ್ನು ಎರಡನೆಯ ಸಲವೂ ಕರೆಯುವ ಧೈರ್ಯ ಮಾಡಿದ ಮುಖ್ಯಾಧ್ಯಾಪಕ ಶಿವಕುಮಾರ ಗುರುಗಳೇ, ಶಿಕ್ಷಕ ಬಂಧುಗಳೇ, ಅಂಗಳದಲ್ಲಿ ಅಂಗಡಿ ಹೂಡಿಕೊಂಡು ಈ ಮನುಷ್ಯ ಯಾವಾಗ ಮುಗಿಸುತ್ತಾನೋ ಎಂದು ಕಾಯುತ್ತಿರುವ ಮಕ್ಕಳೇ, ಕೈಚೀಲ ಹಿಡಿದು ಬಂದಿರುವ ಪಾಲಕರೇ, ಗೋಕಾಕದ ನನ್ನ ಪ್ರೀತಿಯ ಸಭಿಕರೇ,

ಇವತ್ತಿನ ಮಕ್ಕಳ ಸಂತೆಯನ್ನು ಉದ್ಘಾಟಿಸಿ, ‘ಹದಿಹರೆಯದಲ್ಲಿ ಗಳಿಕೆ ಮತ್ತು ಉಳಿಕೆ’ ಎಂಬ ವಿಷಯದ ಮೇಲೆ ನಾಲ್ಕು ಮಾತು ಆಡಬೇಕೆಂದು ನನಗೆ ಅಪ್ಪಣೆಯಾಗಿದೆ. ಗಳಿಸಿದವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ. ಉಳಿಸಿದವರೂ ಇದ್ದಾರೆ. ಎರಡೂ ಮಾಡದವನನ್ನು ಯಾಕೆ ಕರೆದರು? ಇದಕ್ಕೆ ಉತ್ತರ ನನಗೆ ಗೊತ್ತು, ಕಡೆಗೆ ಹೇಳುತ್ತೇನೆ. ನಾನು ಮಾತಿನ ನಡುವೆ ಮತ್ತೆ ಮತ್ತೆ ಕಿಟಕಿಯಾಚೆ ಆಕಾಶ ನೋಡಿದರೆ ತಪ್ಪು ತಿಳಿಯಬೇಡಿ. ಅದಕ್ಕೂ ಕಾರಣವಿದೆ.

ಸಭಿಕರೇ, ಗಳಿಕೆಯ ವಿಷಯಕ್ಕೆ ಬರೋಣ. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಐಸ್‌ಕ್ಯಾಂಡಿ ಮಾರಲು ಹೊರಟೆ. ನಮ್ಮ ಗೋಕಾಕ ಫಾಲ್ಸಿಗೆ ಬರುವ ಜನಕ್ಕೆ ಸೆಕೆಯಾಗುತ್ತದೆ, ಸೆಕೆಯಾದವರು ಕ್ಯಾಂಡಿ ತಿನ್ನುತ್ತಾರೆ ಎಂಬುದು ನನ್ನ ಅರ್ಥಶಾಸ್ತ್ರ. ಪೆಟ್ಟಿಗೆ ಹೆಗಲಿಗೇರಿಸಿದ ದಿನವೇ ಮೃಗಶಿರಾ ಮಳೆ ಹಿಡಿಯಿತು. ಜನ ಬಂದರು, ನೀರು ನೋಡಿದರು, ಗಡಗಡ ನಡುಗಿದರು, ಬಿಸಿ ಚಹಾ ಕುಡಿದು ಹೋದರು. ಕ್ಯಾಂಡಿಯನ್ನೆಲ್ಲ ನಾನೇ ತಿಂದೆ. ಆಮೇಲೆ ನಮ್ಮೂರಿನ ಕಟ್ಟಿಗೆಯ ಗೊಂಬೆ, ಕಟ್ಟಿಗೆಯ ಹಣ್ಣು ಮಾರಲು ಕುಳಿತೆ. ಮಳೆ ಬಂತು, ಬಣ್ಣ ಬಿಟ್ಟಿತು. ಮಾವಿನಹಣ್ಣು ಬದನೆಕಾಯಿಯಂತಾಯಿತು. ಅದನ್ನು ಬದನೆಕಾಯಿಯೆಂದೇ ಮಾರಲು ನೋಡಿದೆ, ಅದೂ ಆಗಲಿಲ್ಲ.

ಇನ್ನು ಉಳಿಕೆ. ಮಣ್ಣಿನ ಕುಡಿಕೆಯಲ್ಲಿ ನಾಲ್ಕಾಣೆಯ ನಾಣ್ಯ ಹಾಕುತ್ತಾ ಹೋದೆ. ತುಂಬಿತು. ಒಡೆಯಲು ಮನಸ್ಸು ಬರಲಿಲ್ಲ. ಮದುವೆಯಾಯಿತು, ಮಕ್ಕಳಾದವು, ಕುಡಿಕೆ ಅಟ್ಟದ ಮೇಲೆಯೇ ಇತ್ತು. ಒಂದು ದಿನ ನನ್ನ ಹೆಂಡತಿ ಸುಮನ ಕೈತಪ್ಪಿ ಬೀಳಿಸಿದಳು. ಅಷ್ಟರಲ್ಲಿ ಸರಕಾರ ನಾಲ್ಕಾಣೆಯನ್ನೇ ನಿಲ್ಲಿಸಿತ್ತು. ಮಕ್ಕಳೇ, ಉಳಿತಾಯದ ಬಗ್ಗೆ ನಾನು ಹೇಳಬಲ್ಲದ್ದು ಇಷ್ಟೇ: ಉಳಿಸಿದ್ದನ್ನು ನೀವು ಬದುಕಿರುವಾಗಲೇ, ಆ ನಾಣ್ಯವೂ ಬದುಕಿರುವಾಗಲೇ, ಖರ್ಚು ಮಾಡಿ.

ನಗಬೇಡಿ. ನಗುವುದಿದ್ದರೆ ಮುಂದಿನದಕ್ಕೆ ಸ್ವಲ್ಪ ಇಟ್ಟುಕೊಳ್ಳಿ.

ದಿನದ ಮೊದಲ ವ್ಯಾಪಾರ, ಅಂದರೆ ಬೋಣಿಗೆ, ಯಾರ ಕೈಯಿಂದ ಆಯಿತೋ ಅವರ ಕೈಗುಣದ ಮೇಲೆ ಇಡೀ ದಿನ ನಿಂತಿದೆ ಎಂದು ನಂಬುವ ಪೇಟೆ ನಮ್ಮದು. ನನ್ನ ಅಪ್ಪ ಗುರುಲಿಂಗಪ್ಪನವರ ಅರಿವೆ ಅಂಗಡಿ ನಿಮಗೆಲ್ಲ ಗೊತ್ತು. ಬೋಣಿಗೆಯ ನೋಟನ್ನು ಅಪ್ಪ ಎರಡೂ ಕಣ್ಣಿಗೆ ಒತ್ತಿಕೊಂಡೇ ಗಲ್ಲಾಪೆಟ್ಟಿಗೆಗೆ ಹಾಕುತ್ತಿದ್ದರು. ಕೊಟ್ಟವರು ಯಾವ ಜಾತಿ, ಯಾವ ಊರು ಎಂದು ಕೇಳುತ್ತಿರಲಿಲ್ಲ. ನನ್ನ ಎರಡು ವ್ಯಾಪಾರ ಮುಳುಗಿದ ಸುದ್ದಿ ಪೇಟೆಯಲ್ಲಿ ಹಬ್ಬಿದ ಮೇಲೆ ಒಂದು ದಿನ ಮೆಲ್ಲಗೆ ಕರೆದು ಹೇಳಿದರು: “ಬಸಲಿಂಗಾ, ಸಿಟ್ಟಿಗೇಳಬ್ಯಾಡಪಾ. ಬೋಣಿಗಿ ಆಗೂತನಕ ಅಂಗಡಿ ಕಡೆ ಬರಬ್ಯಾಡ.”

ಅಲ್ಲಿಗೆ ನನ್ನ ವ್ಯಾಪಾರ ಮುಗಿಯಿತು. ವ್ಯಾಪಾರ ಮಾಡಲು ಯಾರೂ ಬಿಡದವನು ಏನು ಮಾಡಬೇಕು? ವ್ಯಾಪಾರವನ್ನು ಕಲಿಸಬೇಕು. ಮೂಡಲಗಿಯ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಮಾಸ್ತರನಾದೆ. ಅಪ್ಪನಿಗೆ ಪರಮಾನಂದವಾಯಿತು, ಯಾಕೆಂದರೆ ಮೂಡಲಗಿಗೆ ಹೋಗುವ ಬಸ್ಸು ಪೇಟೆ ತೆರೆಯುವ ಮೊದಲೇ ಬಿಡುತ್ತಿತ್ತು. ಹುಕ್ಕೇರಿಯಲ್ಲಿ ನನ್ನ ಮಾವನವರದು ಚಹಾದಂಗಡಿ. ಅಳಿಯ ಮುಂಜಾನೆ ಹೋದರೆ ಉಪ್ಪಿಟ್ಟು, ಭಜಿ, ಚಹಾ, ಎಲ್ಲ ಪುಕ್ಕಟೆ. ದುಡ್ಡು ತೆಗೆದರೆ ಕೈ ಹಿಡಿದು ಜೇಬಿಗೆ ವಾಪಸು ತುರುಕುತ್ತಿದ್ದರು. ಎಂಥ ಗೌರವ ಎಂದು ನಾನು ವರ್ಷಗಟ್ಟಲೆ ಹಿಗ್ಗಿದೆ! ಬೋಣಿಗೆಯಾದ ಮೇಲೆ, ಹತ್ತು ಗಂಟೆಗೆ ಹೋದ ದಿನ ಅದೇ ಮಾವ ಪೂರ್ತಿ ಬಿಲ್ಲು ತೆಗೆದುಕೊಂಡರು.

ಮೊದಲ ಪಗಾರ ಬಂದಾಗ ಅಪ್ಪನ ಕೈಗೇ ಕೊಡೋಣವೆಂದು ಮುಂಜಾನೆ ಅಂಗಡಿಗೆ ಓಡಿದ್ದೆ. ಅಪ್ಪ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, “ಸಂಜಿಕಿ ಕೊಡಪಾ, ಎಲ್ಲಿ ಓಡಿ ಹೋಗತೈತಿ” ಎಂದರು. ಸಂಜೆ ಕೊಟ್ಟೆ. ತೆಗೆದುಕೊಂಡರು, ಖುಷಿಯೂ ಪಟ್ಟರು. ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಈ ಮಾತನ್ನು ನಗೆಚಟಾಕಿಯಾಗಿ ಎಷ್ಟೋ ಸಭೆಯಲ್ಲಿ ಹೇಳಿದ್ದೇನೆ. ಖರೆ ಹೇಳಬೇಕೆಂದರೆ ಆ ದಿನ ನನಗೆ ಬಹಳ ನೋವಾಗಿತ್ತು. ಅಪ್ಪ ಹೋಗಿ ಹದಿನಾರು ವರ್ಷವಾಯಿತು, ಇನ್ನೂ ಆಗುತ್ತದೆ.

ಇರಲಿ. ಶಿವಕುಮಾರ ಗುರುಗಳು ಗಡಿಯಾರ ನೋಡುತ್ತಿದ್ದಾರೆ. ನೋಡಲಿ, ನಾನು ಆಕಾಶ ನೋಡುತ್ತೇನೆ.

ಹೋದ ವರ್ಷದ ಸಂತೆಗೂ ನನ್ನನ್ನೇ ಕರೆದಿದ್ದರು. ಪಾಪ, ಗುರುಗಳು ಧಾರವಾಡದ ಕಡೆಯವರು, ಹೊಸದಾಗಿ ಬಂದಿದ್ದರು, ನನ್ನ ಕೈಗುಣ ಗೊತ್ತಿರಲಿಲ್ಲ. ಎಂಟನೆಯ ಇಯತ್ತೆಯ ನಂದಿನಿ ಗಿರ್ಮಿಟ್ ಅಂಗಡಿ ಹಾಕಿದ್ದಳು. ಅವಳ ತಾಯಿ ಸಾವಂತ್ರೆವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದು ತಂದ ಒಂದು ವಾರದ ಕೂಲಿ ಆ ಚುರುಮುರಿ ಚೀಲದಲ್ಲಿತ್ತು. ಉದ್ಘಾಟಕನೆಂದು ನಾನೇ ಬೋಣಿಗೆ ಮಾಡಿದೆ. ಕೈ ಒರೆಸಿಕೊಳ್ಳುವಷ್ಟರಲ್ಲಿ ಮಳೆ ಬಿತ್ತು. ಚೀಲದ ತುಂಬ ಚುರುಮುರಿ ಮುದ್ದೆಯಾಯಿತು. ಜನ ಓಡಿದರು, ನಾನೂ ಓಡಿದೆ. ತಿರುಗಿ ನೋಡಿದರೆ ಆ ಹುಡುಗಿ ಚೀಲದ ಮೇಲೆ ಬಗ್ಗಿ ತನ್ನ ಬೆನ್ನನ್ನೇ ಮಳೆಗೆ ಹಿಡಿದಿದ್ದಳು.

ಹೋದ ವಾರ ಅದೇ ನಂದಿನಿ ಆಮಂತ್ರಣ ಪತ್ರಿಕೆ ಹಿಡಿದು ನನ್ನ ಮನೆಗೆ ಬಂದಳು. ಈ ಸಲವೂ ನಾನೇ ಬರಬೇಕೆಂದು ಗುರುಗಳ ಬೆನ್ನು ಹತ್ತಿದವಳು ತಾನೇ ಎಂದಳು. ನನ್ನ ಭಾಷಣ ಅಷ್ಟು ಹಿಡಿಸಿತೇ ಎಂದು ನಾನು ಉಬ್ಬಿದೆ.

“ಭಾಷಣ ನೆನಪಿಲ್ರಿ ಸರ್. ನೀವು ಬೋಣಿಗಿ ಮಾಡಿದ್ರ ಮಳಿ ಬರತೈತಂತ ಪ್ಯಾಟ್ಯಾಗ ಎಲ್ಲಾರೂ ಅಂತಾರ್ರಿ.”

“ಅಂತಾರವ್ವಾ. ಅದಕ್ಕ?”

“ಅದಕ್ಕ ಈ ಸಲ ಕೊಪ್ಪಿ ಹೊಲದೇನ್ರಿ.”

ಮಳೆಯ ಕೊಪ್ಪೆ, ಸಭಿಕರೇ! ದಪ್ಪ ಪ್ಲಾಸ್ಟಿಕ್ ತಂದು, ಎರಡು ಅಂಚು ಕೂಡಿಸಿ ಹೊಲಿದು, ತಲೆಯಿಂದ ಮೊಣಕಾಲಿನವರೆಗೆ ಬರುವ ಕೊಪ್ಪೆಗಳನ್ನು ಆ ಹುಡುಗಿ ರಾಶಿ ಹಾಕಿದ್ದಾಳೆ. ನಾನು ಮೂವತ್ತು ವರ್ಷ ಮಾರುಕಟ್ಟೆಯ ಪಾಠ ಹೇಳಿದೆ. ನನ್ನ ದುರದೃಷ್ಟಕ್ಕೂ ಒಂದು ಮಾರುಕಟ್ಟೆ ಇದೆಯೆಂದು ಹೊಳೆಯಲಿಲ್ಲ.

“ಮಳಿ ಬರಲಿಲ್ಲಂದ್ರ?” ಎಂದೆ.

“ಬರಲಿಲ್ಲಂದ್ರ ಇವೇನ್ ಕೆಡೂದಿಲ್ರಿ. ಚುರುಮುರಿ ಅಲ್ಲಲ್ರಿ.” ಆಮೇಲೆ ದನಿ ತಗ್ಗಿಸಿದಳು. “ಆದ್ರ ಅವ್ವ ಕೇಳವಲ್ಲಳ್ರಿ. ಈ ಸಲ ರೊಕ್ಕ ತಿರುಗಿ ಬರಲಿಲ್ಲಂದ್ರ ಸಂತಿ ಗಿಂತಿ ಸಾಕು, ದಸರಾ ಸೂಟ್ಯಾಗ ನನ್ನ ಕೂಡ ಕಳೆ ತಗ್ಯಾಕ ಬಾ ಅಂದಾಳ್ರಿ.”

ಹಾಗಾಗಿ ಆಗಿನಿಂದ ಆಕಾಶ ನೋಡುತ್ತಿದ್ದೇನೆ. ಶ್ರಾವಣದಲ್ಲಿ, ಅದೂ ಮುಂಜಾನೆಯ ಹೊತ್ತಿನಲ್ಲೇ, ಇಂಥ ಬಿಸಿಲನ್ನು ನೀವು ಕಂಡಿದ್ದೀರಾ? ಹಪ್ಪಳ ಒಣಗಿಸಬಹುದು! ಈ ಭಾಷಣವನ್ನು ಇಷ್ಟುದ್ದ ಎಳೆದದ್ದು ಒಂದು ಮೋಡಕ್ಕಾಗಿ. ಐಸ್‌ಕ್ಯಾಂಡಿ ಹೊತ್ತಾಗ ಬಂದ ಮಳೆ, ಕೊಪ್ಪೆ ಮಾರುವಾಗ ಯಾಕೆ ಬರುವುದಿಲ್ಲ? ಮಾತನಾಡುತ್ತಲೇ ನನಗೆ ತಿಳಿಯಿತು. ನನ್ನ ಕೈಗುಣ ಮಳೆ ತರಿಸುವುದಲ್ಲ, ಮಾರುವವರನ್ನು ಮುಳುಗಿಸುವುದು. ಕೊಪ್ಪೆ ಮಾರಿದರೆ ಬಿಸಿಲು ಬರಲೇಬೇಕು. ಬಂದಿದೆ.

ಹಾಗಾದರೆ ಬೋಣಿಗೆ ಮಾಡದೆ ಜಾರಿಕೊಳ್ಳಲೇ? ಈಗ ಅಂಗಳದ ಕಡೆ ನೋಡಿದೆ. ತೊಂಡೆಕಾಯಿಯ ಹುಡುಗ ಬುಟ್ಟಿಯ ಮೇಲೆ ಟವೆಲ್ ಮುಚ್ಚಿದ. ಕರದಂಟಿನ ಹುಡುಗಿ ಬೆನ್ನು ತಿರುಗಿಸಿದಳು. ಮನೆಯಲ್ಲಿ ಹೇಳಿ ಕಳಿಸಿದ್ದಾರೆ, ತಪ್ಪೇನಿಲ್ಲ. ಇಡೀ ಸಂತೆಯಲ್ಲಿ ನನ್ನನ್ನು ನೋಡಿ ಕೈ ಬೀಸುತ್ತಿರುವವಳು ಒಬ್ಬಳೇ.

ಬಾರವ್ವಾ ನಂದಿನಿ, ಮ್ಯಾಲ ಬಾ. ಒಂದು ಕೊಪ್ಪಿ ತಗೊಂಡ ಬಾ. ಎಷ್ಟು? ನಲವತ್ತೇ? ಚೌಕಾಸಿ ಇಲ್ಲ. ತಗೋ.

ಕ್ಷಮಿಸಬೇಕು, ಸಭಿಕರೇ. ಒಂದು ನಿಮಿಷ ಕೊಡಿ. ನೀರು ಬೇಡ, ಗುರುಗಳೇ, ಏನೂ ಆಗಿಲ್ಲ. ನೀವು ನೋಡಿದಿರಲ್ಲ, ಆ ನೋಟನ್ನು ಈ ಮಗು ಎರಡೂ ಕಣ್ಣಿಗೆ ಒತ್ತಿಕೊಂಡಿತು. ನನ್ನ ಕೈಯಿಂದ ಹೋದ ದುಡ್ಡು ಒಬ್ಬರ ಕಣ್ಣಿಗೆ ಮುಟ್ಟಿದ್ದನ್ನು ನಾನು ನೋಡಿದ್ದು ಇವತ್ತೇ.

ಆಯಿತು, ತೊಟ್ಟುಕೊಂಡೆ. ಹೇಗೆ ಕಾಣುತ್ತೇನೆ? ನಗಿರಿ, ನಗಿರಿ. ಆದರೆ ಪಾಲಕರೇ, ಯಾಕೆ ಏಳುತ್ತಿದ್ದೀರಿ? ಆ ಹಿಂದಿನ ಸಾಲಿನವರು ಎಲ್ಲಿಗೆ ಓಡುತ್ತಿದ್ದೀರಿ? ಓಹೋ! ಬಸಲಿಂಗ ಮಾಸ್ತರನ ಬೋಣಿಗೆಯಾಯಿತು, ಇನ್ನು ಮಳೆ ತಪ್ಪದು ಎಂದು ಕೊಪ್ಪೆಗೆ ಓಡುತ್ತಿದ್ದೀರಾ? ಹೊರಗೆ ಬಿಸಿಲು ಸುಡುತ್ತಿದೆ, ಸ್ವಾಮಿ! ಆಕಾಶಕ್ಕಿಂತ ನನ್ನ ಕೈಯ ಮೇಲೆಯೇ ಇಷ್ಟು ನಂಬಿಕೆಯೇ? ಓಡಿ ಹೋಗು ನಂದಿನಿ, ಅಂಗಡಿ ನೋಡಿಕೋ. ಎಲ್ಲಾ ಮಾರಬ್ಯಾಡ, ನಿಮ್ಮವ್ವಗ ಒಂದು ತಗದಿಡು. ಅಧ್ಯಕ್ಷರೇ, ನೀವೂ ಎದ್ದಿರಾ?

ಸರಿ. ಕಡೆಯವರೆಗೆ ಕುಳಿತು ಕೇಳಿದ ಖಾಲಿ ಕುರ್ಚಿಗಳಿಗೆ, ಎದ್ದು ಹೋಗಲಾಗದ ಮೈಕಿನವರಿಗೆ, ನನ್ನ ಕೈಯನ್ನು ಬೇಕೆಂದು ಕೇಳಿ ಕರೆಸಿಕೊಂಡ ಆ ಮಗುವಿಗೆ ನಾನು ಋಣಿ. ಈ ಕೊಪ್ಪೆ ತೊಟ್ಟುಕೊಂಡೇ ಪೇಟೆಯ ನಡುವೆ ಮನೆಗೆ ಹೋಗುತ್ತೇನೆ. ಅಪ್ಪನ ಅಂಗಡಿ ದಾರಿಯಲ್ಲೇ ಇದೆ. ಈಗ ತಮ್ಮ ನಡೆಸುತ್ತಾನೆ, ಇಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತಿರುತ್ತಾನೆ. ಬೋಣಿಗೆಗೆ ಮೊದಲೇ ಇವತ್ತು ಅದರ ಮುಂದೆ ಹಾಯ್ದು ಹೋಗುತ್ತೇನೆ.

ನಮಸ್ಕಾರ.