ಹೆಡ್‌ಫೋನಿನೊಳಗಿನ ಗಿಟಾರು

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬೀದರ್ ಬಸ್ಸಿಗೆ ಕಾಯುತ್ತಿದ್ದ ರುಕ್ಮಿಣಿಬಾಯಿಯ ಕಿವಿ ಪಕ್ಕದ ಬೆಂಚಿನ ಅಣ್ಣ ತಂಗಿಯ ಮಾತಿನ ಮೇಲಿತ್ತು. ಅಣ್ಣ ಹೈದರಾಬಾದಿನಲ್ಲಿ ವಾದ್ಯಗಳ ದೊಡ್ಡ ಪ್ರದರ್ಶನ ನೋಡಿಕೊಂಡು ಆಗಷ್ಟೇ ಬಂದಿಳಿದಿದ್ದ.

“ಗಿಟಾರ್ ಬಾರಿಸಿ ನೋಡ್ದಿ ಏನಣ್ಣಾ?”

“ನೋಡ್ದೆ. ಕರೆಂಟಿನ ಗಿಟಾರು. ಕಿವಿಗಿ ಹೆಡ್‌ಫೋನ್ ಹಾಕಿ ಕೈಯಾಗ ಕೊಟ್ರು. ಬಾರಿಸ್ಕೋತ ಹಾಡಾಕೂ ಸುರು ಮಾಡ್ದೆ. ಸುತ್ತ ಮಂದಿ ಕೂಡಿದ್ರು.”

“ಇಷ್ಟು ದಿನ ಗಿಟಾರ್ ಬಾರಿಸಿ ಓಣಿಯವರ ನಿದ್ದಿ ಕೆಡಿಸಿದ್ದು ಕೆಲಸಕ್ಕ ಬಂತು ಬಿಡು.”

“ನಾನೂ ಹಂಗೇ ತಿಳ್ಕೊಂಡು ಉಬ್ಬಿಹೋದೆ. ಕಣ್ಣು ಮುಚ್ಚಿ ತಂತಿ ಜಗ್ಗೇ ಜಗ್ಗಿದೆ. ಮುಗಿಸಿ ಕೇಳಿದ್ರ, ಗಿಟಾರಿನ ಸಪ್ಪಳ ಹೊರಗ ಬಿಲ್ಕುಲ್ ಬರ್ತಿರಲಿಲ್ಲಂತ. ಅದು ನನಗ ಒಬ್ಬನಿಗೇ ಕೇಳ್ತಿತ್ತು. ಮಂದಿಗಿ ಕೇಳಿದ್ದು ನನ್ನ ದನಿ ಒಂದೇ.”

ತಂಗಿ ದುಪಟ್ಟಾ ಬಾಯಿಗೊತ್ತಿಕೊಂಡು ನಕ್ಕಳು. ರುಕ್ಮಿಣಿಬಾಯಿಯೂ ಅವರಿಗೆ ಕಾಣದಂತೆ ಮುಖ ತಿರುಗಿಸಿ ನಕ್ಕಳು.

“ಮತ್ತ ಮಂದಿ ಯಾಕ ನಿಂತಿದ್ರು?”

“ಅದೇ ನನಗೂ ತಿಳೀವಲ್ದು. ಒಬ್ಬರು ಹಿರ್ಯಾರು, ‘ಗಿಟಾರ್ ಕೆಳಗಿಟ್ಟು ಇನ್ನೊಂದು ಹಾಡಪಾ’ ಅಂದ್ರು.”

“ಹಾಡ್ದಿ?”

“ಎಲ್ಲಿದು. ನೀರು ಕುಡ್ದು ಬರ್ತೀನ್ರಿ ಅಂತ ಹೇಳಿ ಓಡಿಬಂದೆ.”

“ಹಂಗಾದ್ರ ಈಗ ನನ್ನ ಮುಂದ ಹಾಡು.”

“ಇಲ್ಲಿ? ಬಸ್ ಸ್ಟ್ಯಾಂಡಿನಾಗ?”

ಅಷ್ಟರಲ್ಲಿ ಬಸವಕಲ್ಯಾಣದ ಬಸ್ ಬಂತು. ಇಬ್ಬರೂ ಹತ್ತಿ ಕೂತರು. ಬಸ್ ಹೊರಳುವಾಗ ಕಿಟಕಿಯಿಂದ ಅವನ ಹಾಡು ಸಣ್ಣಗೆ ಕೇಳಿಬಂತು. ರುಕ್ಮಿಣಿಬಾಯಿ ತನಗೇ ತಿಳಿಯದಂತೆ ಎದ್ದು, ದನಿ ಕೇಳುವಷ್ಟು ದೂರ ಬಸ್ಸಿನ ಹಿಂದೆ ನಡೆದುಹೋದಳು.