ಶೆಟ್ಟೆಪ್ಪನ ಪ್ರವಾಸ ಮತ್ತು ಮೂರನೆಯ ಅಧ್ಯಾಯ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕ ಗಣ್ಯರೇ, ಸಿಗದೆ ಕೆಳಗೆ ಮುನಿಸಿಕೊಂಡು ಕುಳಿತ ಇನ್ನಷ್ಟು ಗಣ್ಯರೇ, ಸಭಿಕರೇ,

ಇಂದು ನಾವು ಸನ್ಮಾನಿಸುತ್ತಿರುವ ನಮ್ಮೂರ ಮಗಳು ದಾನೇಶ್ವರಿ ಎಂ.ಎ. ಓದುತ್ತಿದ್ದಾಳೆ. ಯಾವುದರಲ್ಲಿ? ಭಯೋತ್ಪಾದನೆ, ಉಗ್ರವಾದ ಮತ್ತು ರಾಜಕೀಯ ಹಿಂಸೆಯಲ್ಲಿ! ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಹುಡುಕಿದರೂ ಇದನ್ನು ಓದಿದವರು ಸಿಗುತ್ತಾರೆಯೇ? ಓದದೇ ನಡೆಸಿದವರು ಇದ್ದಾರೆ, ಅದು ಬೇರೆ ಮಾತು.

ಇವಳ ಅವ್ವ ಕಾಶೆವ್ವ ನನ್ನ ಮುಂದೆ ಅತ್ತಿದ್ದಳು: "ಅಣ್ಣಾರ, ಅಲ್ಲಿ ಬಾಂಬ್ ಮಾಡಾಕ ಕಲಸ್ತಾರೇನ್ರಿ? ನಾಳೆ ಇಕಿನ್ನ ಯಾರ ಮಾಡ್ಕೋತಾರ?"

"ಮಾಡಾಕಲ್ಲ ತಂಗಿ, ಮಾಡಿದವರ ಬಗ್ಗೆ ಬರ್ಯಾಕ ಕಲಸ್ತಾರ. ಬರೀಲಿ ಬಿಡು" ಎಂದವನು ನಾನೇ. ಆಗ ನನಗೇನು ಗೊತ್ತಿತ್ತು?

ದೂರದ ದೇಶಗಳ ಬಗ್ಗೆ ಬರೆಯುತ್ತಾಳೆಂದು ನಂಬಿದ್ದೆ. ನೋಡಿದರೆ, ಪ್ರಬಂಧದ ಮೂರನೆಯ ಅಧ್ಯಾಯವೇ ನಾನು ಗೆದ್ದ ನಮ್ಮ ಸಹಕಾರಿ ಸೊಸೈಟಿಯ ಅಧ್ಯಕ್ಷ ಚುನಾವಣೆ! ಶೀರ್ಷಿಕೆ, 'ಮತದಾರನ ಅಪಹರಣ'.

ಅಪಹರಣವೇ? ಅಧ್ಯಕ್ಷರ ಆಯ್ಕೆಗೆ ಮುಂಚೆ, ಮತ ಹಾಕುವ ನಿರ್ದೇಶಕರನ್ನು ಪ್ರವಾಸಕ್ಕೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಲೆಕ್ಕ ಹಾಕಿದರೆ ನನಗೆ ಒಂದೇ ಮತ ಕಡಿಮೆ ಬೀಳುತ್ತಿತ್ತು. ಕಬ್ಬಿಗೆ ನೀರು ಹಾಯಿಸುತ್ತಿದ್ದ ನಿರ್ದೇಶಕ ಶೆಟ್ಟೆಪ್ಪನನ್ನು ನಮ್ಮ ಕಾರ್ಯಕರ್ತರು ಗೌರವದಿಂದ ಎತ್ತಿ ಜೀಪಿನಲ್ಲಿ ಕೂರಿಸಿದರು. ಐದು ದಿನ ಸಂಕೇಶ್ವರದ ಲಾಡ್ಜು, ದಿನವೂ ತುಪ್ಪ, ಹೋಳಿಗೆ. ಹೊರಗಿನಿಂದ ಚಿಲಕ ಹಾಕಿದ್ದು ಕಳ್ಳರ ಭಯಕ್ಕೆ. ಫೋನು ಇಸಿದುಕೊಂಡದ್ದು ಅವನ ವಿಶ್ರಾಂತಿಗೆ. "ಮನಿಗೆ ಕಳಸ್ರೀ ಸಾವ್ಕಾರ, ಎಮ್ಮಿ ಈಯಾಕ ಬಂದೈತಿ" ಎಂದು ಅತ್ತದ್ದು ಖರೆ. ಅದು ಎಮ್ಮೆಯ ಮೇಲಿನ ಪ್ರೀತಿ. ಇದು ಹಿಂಸೆಯೇ, ಸಭಿಕರೇ?

ಸೋಮವಾರ ಇವಳು ಪ್ರಬಂಧ ಒಪ್ಪಿಸುತ್ತಾಳೆ. ಮುಂದಿನ ತಿಂಗಳು ಮತ್ತೆ ಚುನಾವಣೆ. ಆ ಅಧ್ಯಾಯ ತೆಗೆಯಲೆಂದೇ ಈ ಸನ್ಮಾನ... ಅಲ್ಲಲ್ಲ, ಸನ್ಮಾನ ಬೇರೆ, ವಿನಂತಿ ಬೇರೆ. "ಮಾಮಾ, ತಾನಾಗೇ ಹೋಗಿದ್ನಿ ಅಂತ ಶೆಟ್ಟೆಪ್ಪ ಕಾಕಾ ಒಂದ್ ಮಾತು ಹೇಳ್ಲಿ, ತಗದ ಬಿಡ್ತೀನಿ" ಎಂದಿದ್ದಾಳೆ. ನ್ಯಾಯವಾದ ಮಾತು.

ಶೆಟ್ಟೆಪ್ಪ ಇಲ್ಲೇ ಮೂರನೆಯ ಸಾಲಿನಲ್ಲಿದ್ದಾನೆ. ಶೆಟ್ಟೆಪ್ಪಾ, ಬಾರೋ ಮ್ಯಾಲ, ಮೈಕಿನ್ಯಾಗ ಹೇಳು... ಏ, ಎಲ್ಲಿಗೆ ಹೊಂಟಿ? ವೇದಿಕಿ ಈ ಕಡೆ ಐತಿ! ಲಕ್ಷ್ಮಣಾ, ಬಾಗಲಾ ಹಾಕು. ಹನಮಂತಾ, ರಟ್ಟಿ ಹಿಡಿ. ನಿಧಾನ, ಅಂಗಿ ಹರೀಬ್ಯಾಡ್ರೋ!

ನೋಡಿದಿರಾ ಸಭಿಕರೇ, ತಾನಾಗಿಯೇ ಬರುತ್ತಿದ್ದಾನೆ.

ದಾನೇಶ್ವರಿ, ನೀ ಏನ್ ಬರ್ಯಾಕತ್ತೀಯವ್ವಾ?

ಇರಲಿ. ಬಾಗಿಲು ಹಾಕಿದ ಮೇಲೆ ಯಾರೊಬ್ಬರೂ ಎದ್ದು ಹೋಗದೆ ಶಾಂತವಾಗಿ ಕೇಳಿದಿರಿ. ಎಲ್ಲರಿಗೂ ಧನ್ಯವಾದ, ನಮಸ್ಕಾರ.